ಕ್ಯಾಮ್ಡನ್ ಪಾರ್ಕ್: ಒಂದು ಮನೆ, ಏಳು ತಲೆಮಾರು

ಸಿಡ್ನಿ ನಗರದ ನೈರುತ್ಯಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ನೆಪಿಯನ್ ನದಿಯ ಬಳಿಯ ಗುಡ್ಡದ ಮೇಲೆ ಕ್ಯಾಮ್ಡನ್ ಪಾರ್ಕ್ ಎಂಬ ಬಂಗಲೆಯಿದೆ. ವಾಸ್ತುಶಿಲ್ಪಿ ಜಾನ್ ವರ್ಜ್‌ನ ನಕಾಶೆಯಂತೆ 1832ರಿಂದ 1835ರವರೆಗೆ ಕಟ್ಟಿದ ಈ ಮನೆಗೆ ನಡುವೆ ಎರಡಂತಸ್ತಿನ ಭಾಗ, ಅದರ ಎರಡೂ ಪಕ್ಕದಲ್ಲಿ ಒಂದಂತಸ್ತಿನ ರೆಕ್ಕೆಗಳು, ತೋಟದ ಕಡೆಗೆ ಕಂಬಸಾಲಿನ ಜಗಲಿ ಇವೆ. ಇಂಗ್ಲೆಂಡಿನ ಹಳ್ಳಿಗಾಡಿನ ಸಿರಿವಂತರು ಕಟ್ಟಿಸುತ್ತಿದ್ದ ಮನೆಗಳ ಅಚ್ಚೇ ಇದು. ಬಿಸಿಲಿನ ಸೀಮೆಗೆ ಬೇಕಾದ ಜಗಲಿಯಷ್ಟೇ ಹೆಚ್ಚಿನದು. ಕಟ್ಟಿದ ಮೇಲೆ ಈ ಮನೆ ಒಮ್ಮೆಯೂ ಬೇರೆಯವರಿಗೆ ಮಾರಾಟವಾಗಿಲ್ಲ. ಏಳು ತಲೆಮಾರುಗಳಿಂದ ಒಂದೇ ವಂಶದ ಕೈಯಲ್ಲಿದೆ. ಆದರೆ ಅದು ತಂದೆಯಿಂದ ಮಗನಿಗೆ ನೇರವಾಗಿ ಇಳಿದು ಬಂದದ್ದಲ್ಲ. ಎರಡು ಸಲ ಹೆಣ್ಣುಮಕ್ಕಳ ಮೂಲಕ ಸಾಗಿದೆ, ಎರಡು ಸಲವೂ ಮನೆತನದ ಹೆಸರು ಬದಲಾಗಿದೆ: ಮೊದಲು ಮಕಾರ್ಥರ್, ಆಮೇಲೆ ಮಕಾರ್ಥರ್-ಆನ್ಸ್‌ಲೋ, ಈಗ ಮಕಾರ್ಥರ್-ಸ್ಟ್ಯಾನ್‌ಹ್ಯಾಮ್.

ಮೂಲಪುರುಷ ಮತ್ತು ಅವನ ಹೆಂಡತಿ

ವಂಶದ ಮೂಲಪುರುಷ ಜಾನ್ ಮಕಾರ್ಥರ್ 1767ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಂದರಿನ ಬಳಿ ಹುಟ್ಟಿದ. ತಂದೆ ಅಲೆಕ್ಸಾಂಡರ್ ಅಲ್ಲಿ ಬಟ್ಟೆ ವ್ಯಾಪಾರಿ. ಪೂರ್ವಿಕರು ಸ್ಕಾಟ್ಲೆಂಡಿನವರು, 1746ರ ಕಲೊಡನ್ ಯುದ್ಧದ ಸೋಲಿನ ನಂತರ ಊರು ಬಿಟ್ಟವರು ಎಂಬುದು ಮನೆಯಲ್ಲಿ ಹೇಳಿಕೊಂಡು ಬಂದ ಕಥೆ. ಜಾನ್‌ನ ವೈರಿಗಳು ಮಾತ್ರ ಈ ಕಥೆಗೆ ಸೊಪ್ಪು ಹಾಕಲಿಲ್ಲ. ಬಟ್ಟೆ ಅಂಗಡಿಯನ್ನೇ ಹಿಡಿದುಕೊಂಡು ಅವನನ್ನು 'ಜ್ಯಾಕ್ ಬಾಡಿಸ್', ಅಂದರೆ ಕುಪ್ಪಸದ ಜ್ಯಾಕ್, ಎಂದು ಆಡಿಕೊಂಡರು. 1788ರಲ್ಲಿ ಅವನು ಡೆವನ್ ಸೀಮೆಯ ಬ್ರಿಡ್ಜ್‌ರೂಲ್ ಹಳ್ಳಿಯ ರೈತನ ಮಗಳು ಎಲಿಜಬೆತ್ ವೀಲ್‌ಳನ್ನು ಮದುವೆಯಾದ. ನ್ಯೂ ಸೌತ್ ವೇಲ್ಸ್ ಕಾವಲು ಪಡೆಯಲ್ಲಿ ಲೆಫ್ಟಿನೆಂಟ್ ಹುದ್ದೆ ಹಿಡಿದು, ಹೆಂಡತಿ ಮತ್ತು ಕೈಗೂಸು ಎಡ್ವರ್ಡ್‌ನ ಜೊತೆ ಕೈದಿಗಳನ್ನು ಹೊತ್ತ ಎರಡನೆಯ ಹಡಗುಪಡೆಯಲ್ಲಿ ಹೊರಟು, 1790ರ ಜೂನ್‌ನಲ್ಲಿ ಸಿಡ್ನಿಗೆ ಬಂದಿಳಿದ. ದಾರಿಯಲ್ಲಿ ಹುಟ್ಟಿದ ಹೆಣ್ಣುಮಗು ಹಡಗಿನಲ್ಲೇ ತೀರಿಕೊಂಡಿತು.

1793ರಲ್ಲಿ ಜಾನ್‌ಗೆ ಪ್ಯಾರಮ್ಯಾಟಾದಲ್ಲಿ 100 ಎಕರೆ ಸಿಕ್ಕಿತು. ಅಲ್ಲಿ ಕಟ್ಟಿಸಿದ ಮನೆಗೆ ಹೆಂಡತಿಯ ಹೆಸರನ್ನೇ ಇಟ್ಟು 'ಎಲಿಜಬೆತ್ ಫಾರ್ಮ್' ಎಂದು ಕರೆದ. ಆಸ್ಟ್ರೇಲಿಯದಲ್ಲಿ ಉಳಿದುಬಂದಿರುವ ಯುರೋಪಿಯನ್ನರ ಕಟ್ಟಡಗಳಲ್ಲಿ ಇದರ ಒಂದು ಭಾಗವೇ ಅತ್ಯಂತ ಹಳೆಯದು. ಮನೆತನದ ಕುರಿ ಸಾಕಣೆ ಶುರುವಾದದ್ದು ಭಾರತದ ಕುರಿಗಳಿಂದ: 1794ರಲ್ಲಿ ಜಾನ್ ಕಲ್ಕತ್ತೆಯಿಂದ ಬಂದ 60 ಬಂಗಾಳದ ಕುರಿ ಮರಿಗಳನ್ನು ಕೊಂಡ. ಅವುಗಳ ಮೈಮೇಲಿದ್ದದ್ದು ಉಣ್ಣೆಗಿಂತ ಹೆಚ್ಚಾಗಿ ಕೂದಲು. ಐರ್ಲೆಂಡಿನ ಕುರಿಗಳ ಜೊತೆ ತಳಿ ಬೆರೆಸಿದಾಗ ಮರಿಗಳಲ್ಲಿ ಕೂದಲೂ ಉಣ್ಣೆಯೂ ಬೆರೆತು ಬಂದವು. ನೂಲಲು ಯೋಗ್ಯವಾದ ಉಣ್ಣೆ ಈ ನೆಲದಲ್ಲಿ ಬೆಳೆದೀತು ಎಂಬ ನಂಬಿಕೆ ಹುಟ್ಟಿದ್ದು ಹಾಗೆ. ಮುಂದೆ ಗುಡ್‌ಹೋಪ್ ಭೂಶಿರದಿಂದ ಸ್ಪೇನಿನ ಮೆರಿನೊ ತಳಿ ಬಂತು.

1801ರಲ್ಲಿ ಜಾನ್ ತನ್ನ ಮೇಲಧಿಕಾರಿ ವಿಲಿಯಂ ಪ್ಯಾಟರ್ಸನ್ ಜೊತೆ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕಿಳಿದು ಅವನ ಭುಜಕ್ಕೆ ಗುಂಡು ಹಾರಿಸಿದ. ಗವರ್ನರ್ ಕಿಂಗ್ ವಿಚಾರಣೆಗೆಂದು ಅವನನ್ನು ಇಂಗ್ಲೆಂಡಿಗೆ ಸಾಗಹಾಕಿದ. ಹೋಗುವಾಗ ಜಾನ್ ಉಣ್ಣೆಯ ಮಾದರಿಗಳನ್ನು ಕಟ್ಟಿಕೊಂಡು ಹೋದ. ಸ್ಪೇನಿನ ಉಣ್ಣೆಗೆ ಕುತ್ತು ಬರುವ ಭಯದಲ್ಲಿದ್ದ ಗಿರಣಿ ಮಾಲೀಕರು ಅವನ್ನು ಮೆಚ್ಚಿದರು. ಶಿಕ್ಷೆಗೆಂದು ಹೋದವನು ವರವನ್ನೇ ಪಡೆದು ಬಂದಂತಾಯಿತು: ವಸಾಹತು ಮಂತ್ರಿ ಲಾರ್ಡ್ ಕ್ಯಾಮ್ಡನ್ ಅವನಿಗೆ 5,000 ಎಕರೆ ಕೊಡಿಸಿ, ಕುರಿ ಸಾಕಣೆ ಕೈಗೂಡಿದರೆ ಇನ್ನೂ 5,000 ಎಕರೆ ಕೊಡುವುದಾಗಿ ಮಾತು ಕೊಟ್ಟ. 1804ರಲ್ಲಿ ಕ್ಯೂ ಎಂಬಲ್ಲಿ ನಡೆದ ಹರಾಜಿನಲ್ಲಿ ದೊರೆ ಮೂರನೆಯ ಜಾರ್ಜ್‌ನ ಮಂದೆಯ ಮೆರಿನೊ ಕುರಿಗಳನ್ನು ಕೊಂಡ ಜಾನ್, 1805ರಲ್ಲಿ 'ಆರ್ಗೋ' ಹಡಗಿನಲ್ಲಿ ಅವುಗಳ ಜೊತೆ ಮರಳಿದ. ಆರಿಸಿಕೊಂಡ ನೆಲಕ್ಕೆ ಮಂತ್ರಿಯ ಹೆಸರನ್ನೇ ಇಟ್ಟ.

ಆ ನೆಲ ಖಾಲಿ ಬಿದ್ದಿದ್ದದ್ದಲ್ಲ. ಧರಾವಲ್ ಮೊದಲಾದ ಮೂಲನಿವಾಸಿಗಳ ನಾಡು. 1788ರಲ್ಲಿ ಸಿಡ್ನಿಯ ಬಿಡಾರದಿಂದ ತಪ್ಪಿಸಿಕೊಂಡ ಕೆಲವು ದನಗಳು ನೆಪಿಯನ್ ದಾಟಿ ಹೋಗಿ, ಏಳು ವರ್ಷಗಳ ಬಳಿಕ ಹಿಂಡಾಗಿ ಕಣ್ಣಿಗೆ ಬಿದ್ದಿದ್ದವು. ಅದರಿಂದಲೇ ಆ ಸೀಮೆಗೆ 'ಕೌಪಾಸ್ಚರ್ಸ್', ದನಗಳ ಹುಲ್ಲುಗಾವಲು, ಎಂಬ ಹೆಸರು ಬಂತು. ಬಿಳಿಯರ ಮಂದೆಗಳು ಹರಡಿದಂತೆ ಮೂಲನಿವಾಸಿಗಳ ಜೊತೆ ಸಂಘರ್ಷ ಬೆಳೆಯಿತು. 1816ರ ಏಪ್ರಿಲ್‌ನಲ್ಲಿ ಗವರ್ನರ್ ಲ್ಯಾಕ್ಲನ್ ಮಕ್ವಾರಿ ಕಳುಹಿಸಿದ ಸೈನಿಕರು ಹತ್ತಿರದ ಆ್ಯಪಿನ್‌ನಲ್ಲಿ ಹೆಂಗಸರು ಮಕ್ಕಳೂ ಸೇರಿ ಕನಿಷ್ಠ 14 ಮಂದಿಯನ್ನು ಕೊಂದರು. ಇದೇ ಮಕ್ವಾರಿ 1792 ಮತ್ತು 1799ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಂಪನಿ ಸರ್ಕಾರದ ಪಾಳೆಯದಲ್ಲಿದ್ದವನು.

1808ರ ಜನವರಿ 26ರಂದು ಸೈನ್ಯ ಗವರ್ನರ್ ಬ್ಲೈನನ್ನು ಪದಚ್ಯುತಗೊಳಿಸಿತು. ರಮ್ ದಂಗೆ ಎಂದು ಹೆಸರಾದ ಈ ಘಟನೆಯ ಹಿಂದಿನ ಕೈ ಜಾನ್‌ನದು. ಬಂಧನದ ಭಯದಿಂದ ಅವನು 1809ರಿಂದ 1817ರವರೆಗೆ ಇಂಗ್ಲೆಂಡಿನಲ್ಲೇ ಉಳಿಯಬೇಕಾಯಿತು. ಆ ಎಂಟು ವರ್ಷ ಕುರಿ, ಆಳು, ಸಾಲ, ಉಣ್ಣೆಯ ರವಾನೆ ಎಲ್ಲವನ್ನೂ ನಿಭಾಯಿಸಿದವಳು ಎಲಿಜಬೆತ್. ಗಂಡನ ಅಣ್ಣನ ಮಗ ಹ್ಯಾನಿಬಲ್ ಅವಳಿಗೆ ನೆರವಾದ. ಅವಳ ಬೇಸಾಯದ ಸುಧಾರಣೆಯನ್ನು ಮೆಚ್ಚಿ ಮಕ್ವಾರಿ 600 ಎಕರೆ ಮಂಜೂರು ಮಾಡಿದ. 1822ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಕೊಟ್ಟ ಉಣ್ಣೆಯ ಪದಕಗಳು ಜಾನ್‌ನ ಹೆಸರಿಗೆ ಬಂದವು. ಆ ಮಂದೆಯನ್ನು ಕಷ್ಟಕಾಲದಲ್ಲಿ ಉಳಿಸಿದ್ದು ಎಲಿಜಬೆತ್‌ಳ ದುಡಿಮೆ. ಹೊಲ ಕೊಟ್ಟಿಗೆಗಳಲ್ಲಿ ಬೆವರು ಸುರಿಸಿದವರಲ್ಲಿ ಸರ್ಕಾರ ಹಂಚಿಕೊಟ್ಟ ಕೈದಿಗಳೇ ಹೆಚ್ಚು.

1832ರಲ್ಲಿ ಜಾನ್‌ಗೆ ಬುದ್ಧಿಭ್ರಮಣೆಯಾಗಿದೆ ಎಂದು ಘೋಷಿಸಲಾಯಿತು. ಹೊಸ ಬಂಗಲೆ ಮುಗಿಯುವ ಮೊದಲೇ, 1834ರ ಏಪ್ರಿಲ್ 11ರಂದು ಕ್ಯಾಮ್ಡನ್‌ನಲ್ಲಿ ತೀರಿಕೊಂಡ. ಎಸ್ಟೇಟಿನ ಗುಡ್ಡದ ಮೇಲೆ ಅವನನ್ನು ಹೂಳಿದ ಜಾಗವೇ ಮನೆತನದ ಸ್ಮಶಾನವಾಯಿತು. ಎಲಿಜಬೆತ್ 1850ರವರೆಗೆ ಬದುಕಿದಳು.

ಎರಡನೆಯ ತಲೆಮಾರು: ನಾಲ್ವರು ಗಂಡುಮಕ್ಕಳು, ಅವರಿಗೊಬ್ಬಳೇ ಮಗಳು

ದೊಡ್ಡವರಾಗಿ ಬೆಳೆದ ಮಕ್ಕಳು ಏಳು: ಎಡ್ವರ್ಡ್, ಎಲಿಜಬೆತ್, ಜಾನ್, ಮೇರಿ, ಜೇಮ್ಸ್, ವಿಲಿಯಂ, ಎಮೆಲೀನ್. ನಾಲ್ವರು ಗಂಡುಮಕ್ಕಳಿದ್ದ ಮನೆಗೆ ವಾರಸುದಾರರ ಕೊರತೆಯಾಗುತ್ತದೆ ಎಂದು ಯಾರೂ ಎಣಿಸಿರಲಿಕ್ಕಿಲ್ಲ. ಆದರೆ ಕಿರಿಯ ಜಾನ್ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ, ಮದುವೆಯಿಲ್ಲದೆ 1831ರಲ್ಲಿ ತೀರಿಕೊಂಡ. ವಿಲಿಯಂ ಕೊನೆಯವರೆಗೂ ಬ್ರಹ್ಮಚಾರಿ. ಎಡ್ವರ್ಡ್ ಮದುವೆಯಾದದ್ದು 1862ರಲ್ಲಿ, ಎಪ್ಪತ್ತರ ಗಡಿ ದಾಟಿದ ಮೇಲೆ, ಮಕ್ಕಳಾಗಲಿಲ್ಲ. ಜೇಮ್ಸ್ 1838ರಲ್ಲಿ ಲಂಡನ್ನಿನ ಎಮಿಲಿ ಸ್ಟೋನ್‌ಳ ಕೈಹಿಡಿದ. 1840ರಲ್ಲಿ ಹುಟ್ಟಿದ ಎಲಿಜಬೆತ್ ಅವರ ಒಬ್ಬಳೇ ಮಗಳು.

ಹಿರಿಯ ಮಗನಾದ ಎಡ್ವರ್ಡ್‌ನ ಪಾಲಿಗೆ ಎಲಿಜಬೆತ್ ಫಾರ್ಮ್ ಬಂತು. ಅವನ ಬದುಕು ಸೈನ್ಯದಲ್ಲೇ ಕಳೆಯಿತು, ಅದರ ಮುಖ್ಯ ಘಟ್ಟ ಮೆಲ್ಬರ್ನ್‌ನಲ್ಲಿ. 1854ರಲ್ಲಿ ಸೇನೆಯ ಮುಖ್ಯಠಾಣೆ ಸಿಡ್ನಿಯಿಂದ ಅಲ್ಲಿಗೆ ಹೋದಾಗ ಅವನೂ ಹೋದ. 1855ರ ಡಿಸೆಂಬರ್ 31ರಂದು ಗವರ್ನರ್ ಹೋಥಮ್ ಸತ್ತಾಗ ವಿಕ್ಟೋರಿಯ ವಸಾಹತಿನ ಆಡಳಿತ ಮೇಜರ್ ಜನರಲ್ ಎಡ್ವರ್ಡ್ ಮಕಾರ್ಥರ್‌ನ ಕೈಗೆ ಬಂತು. ಜವಾಬ್ದಾರಿ ಸರ್ಕಾರದ ಮೊದಲ ಸಂಸತ್ತನ್ನು 1856ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಉದ್ಘಾಟಿಸಿದವನು ಅವನೇ. ಅದೇ ತಿಂಗಳುಗಳಲ್ಲಿ ಸಿಡ್ನಿಯಲ್ಲಿ ನ್ಯೂ ಸೌತ್ ವೇಲ್ಸ್‌ನ ಪ್ರಧಾನಿಯಾಗಿದ್ದವನು ಹೆನ್ರಿ ವಾಟ್ಸನ್ ಪಾರ್ಕರ್, ಎಡ್ವರ್ಡ್‌ನ ಕಿರಿಯ ತಂಗಿ ಎಮೆಲೀನ್‌ಳ ಗಂಡ. ಕೆಲವು ವಾರಗಳ ಮಟ್ಟಿಗೆ ಎರಡು ವಸಾಹತುಗಳ ಆಡಳಿತದ ಚುಕ್ಕಾಣಿ ಒಂದೇ ಕುಟುಂಬದ ಭಾವ-ಮೈದುನರ ಕೈಯಲ್ಲಿತ್ತು.

ಇನ್ನೊಬ್ಬ ಮಗಳು ಮೇರಿ ಸರ್ಕಾರಿ ಸರ್ಜನ್ ಜೇಮ್ಸ್ ಬೋಮನ್‌ನ ಹೆಂಡತಿ. ಅವರಿಗಾಗಿ ಸಿಡ್ನಿಯ ಗ್ಲೀಬ್‌ನಲ್ಲಿ 'ಲಿಂಡ್‌ಹರ್ಸ್ಟ್' ಬಂಗಲೆಯನ್ನೂ, ಹ್ಯಾನಿಬಲ್‌ಗಾಗಿ ಪ್ಯಾರಮ್ಯಾಟಾದ ಬಳಿ 'ವಿನ್ಯಾರ್ಡ್' ಬಂಗಲೆಯನ್ನೂ ಜಾನ್ ವರ್ಜ್‌ನೇ ಕಟ್ಟಿದ. ಹ್ಯಾನಿಬಲ್ ಗವರ್ನರ್ ಕಿಂಗ್‌ನ ಅಳಿಯ. ಅವನ ಒಬ್ಬ ಮಗಳು ಚಾರ್ಲ್ಸ್ ಡಾರ್ವಿನ್ ಪ್ರಯಾಣದಿಂದ ಹೆಸರಾದ 'ಬೀಗಲ್' ಹಡಗಿಗೆ ಮುಂದೆ ಕಪ್ತಾನನಾದ ಜಾನ್ ವಿಕಮ್‌ನನ್ನು ಮದುವೆಯಾದಳು. ನೆಂಟಸ್ತಿಕೆಯಿಂದ ಬಲಗೊಂಡ ಈ ಕವಲುಗಳನ್ನು 1840ರ ದಶಕದ ಆರ್ಥಿಕ ಕುಸಿತ ನೆಲಕಚ್ಚಿಸಿತು. ಬೋಮನ್ ಲಿಂಡ್‌ಹರ್ಸ್ಟ್ ಕಳೆದುಕೊಂಡ, ಹ್ಯಾನಿಬಲ್ 1848ರಲ್ಲಿ ದಿವಾಳಿಯಾದ. ವಿನ್ಯಾರ್ಡ್ ಕ್ರೈಸ್ತ ಸಂನ್ಯಾಸಿನಿಯರ ಮಠವಾಗಿ, 1961ರಲ್ಲಿ ನೆಲಸಮವಾಯಿತು.

ಕ್ಯಾಮ್ಡನ್ ಈ ಹೊಡೆತ ತಾಳಿಕೊಂಡದ್ದಕ್ಕೆ ಮುಖ್ಯ ಕಾರಣ ಜೇಮ್ಸ್ ಮತ್ತು ವಿಲಿಯಂ ಪಾಲು ಮಾಡಿಕೊಳ್ಳದೆ ಒಟ್ಟಿಗೆ ಬಾಳಿದ್ದು. ಎಸ್ಟೇಟು ಆಗ ಸುಮಾರು 28 ಸಾವಿರ ಎಕರೆಗೆ ಬೆಳೆದಿತ್ತು. ಜೇಮ್ಸ್ ಲೆಕ್ಕಪತ್ರ, ರಾಜಕೀಯ ನೋಡಿಕೊಂಡ. ವಿಲಿಯಂ ತೋಟ, ದ್ರಾಕ್ಷಿ ನೋಡಿಕೊಂಡ. 1815-16ರಲ್ಲಿ ತಂದೆಯೊಡನೆ ಫ್ರಾನ್ಸ್, ಸ್ವಿಟ್ಜರ್ಲೆಂಡ್ ತಿರುಗಿ ದ್ರಾಕ್ಷಿ ಬಳ್ಳಿಯ ಕಡ್ಡಿ ಸಂಗ್ರಹಿಸಿದ್ದ ಹುಡುಗರು, 1838ರಲ್ಲಿ ಜರ್ಮನಿಯಿಂದ ಆರು ದ್ರಾಕ್ಷಿ ಬೆಳೆಗಾರರ ಕುಟುಂಬಗಳನ್ನು ಕರೆಸಿಕೊಂಡರು. ಗಿಡಗಳ ಪಟ್ಟಿಯನ್ನು ಅಚ್ಚುಹಾಕಿಸಿ ಮಾರುತ್ತಿದ್ದ ವಿಲಿಯಂನ ಸಸ್ಯವಾಟಿಕೆಯ ಕಮೀಲಿಯಾ ಹೂಗಳು ಇಂದಿಗೂ ಹೆಸರುವಾಸಿ. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ವಸಾಹತಿನ ಪ್ರತಿನಿಧಿಯಾದ ಅವನಿಗೆ ಮರುವರ್ಷ 'ಸರ್' ಪದವಿ ದೊರೆಯಿತು. ಎಸ್ಟೇಟಿನ ನೆಲದ ಮೇಲೇ ಕ್ಯಾಮ್ಡನ್ ಪಟ್ಟಣ ಎದ್ದಿತು. ಅದರ ಸೇಂಟ್ ಜಾನ್ ಚರ್ಚಿಗೆ ಜಾಗ ಕೊಟ್ಟು ಹಣ ಹಾಕಿದವರೂ ಇವರೇ.

ಹಣ, ನೆಲ, ನೆಂಟಸ್ತಿಕೆ ಎಲ್ಲ ಇದ್ದರೂ ಇಂಗ್ಲೆಂಡಿನ ದೊಡ್ಡ ಮನೆಗಳಿಗಿದ್ದ ಒಂದು ಸವಲತ್ತು ಇವರಿಗಿರಲಿಲ್ಲ: ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಲಾರ್ಡ್‌ಗಿರಿ. 1853ರಲ್ಲಿ ರಾಜಕಾರಣಿ ವಿಲಿಯಂ ಚಾರ್ಲ್ಸ್ ವೆಂಟ್‌ವರ್ತ್ ಹೊಸ ಸಂವಿಧಾನದಲ್ಲಿ ವಂಶಪಾರಂಪರ್ಯದ ಪದವಿಗಳಿರಬೇಕೆಂದು ಹೊರಟಾಗ ಜೇಮ್ಸ್ ಅವನ ಪರ ನಿಂತ. ವೆಂಟ್‌ವರ್ತ್‌ಗೂ ಈ ಮನೆಗೂ ಹಳೆಯ ಮನಸ್ತಾಪವಿತ್ತು. ವೋಕ್ಲೂಸ್ ಹೌಸ್‌ನ ಒಡೆಯನಾದ ಅವನು ಯಾರ್ಕ್‌ಷರಿನ ವೆಂಟ್‌ವರ್ತ್ ವುಡ್‌ಹೌಸ್ ಅರಮನೆಯ ವಂಶದ ಕವಲೆಂದು ಹೇಳಿಕೊಳ್ಳುತ್ತಿದ್ದರೂ ತಾಯಿ ಕೈದಿಯಾಗಿ ಬಂದವಳು. ಯೌವನದಲ್ಲಿ ಮಕಾರ್ಥರ್ ಮನೆಯ ಹಿರಿಯ ಮಗಳನ್ನು ಮದುವೆಯಾಗಬೇಕೆಂದಿದ್ದ ಅವನ ಆಸೆ ಕೈಗೂಡಿರಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಸಿಡ್ನಿಯ ಸಾರ್ವಜನಿಕ ಸಭೆಯೊಂದರಲ್ಲಿ, ಕೈದಿ ದಂಪತಿಯ ಮಗನಾದ ಯುವ ವಕೀಲ ಡೇನಿಯಲ್ ಡೆನಿಹಿ ಈ ಯೋಜನೆಯನ್ನು 'ಬನ್ಯಿಪ್ ಶ್ರೀಮಂತವರ್ಗ' ಎಂದು ಜರೆದ. ಬನ್ಯಿಪ್ ಎಂದರೆ ಮೂಲನಿವಾಸಿಗಳ ಕಥೆಗಳಲ್ಲಿ ಕೆರೆ ಜೌಗುಗಳಲ್ಲಿರುವ ಭೂತಪ್ರಾಣಿ. ಜೇಮ್ಸ್ ಅರ್ಲ್ ಆದರೆ ಅವನ ಲಾಂಛನದಲ್ಲಿ ಹಸಿರು ಹಿನ್ನೆಲೆಯ ಮೇಲೆ ರಮ್ ಪೀಪಾಯಿ ಇರಲಿ ಎಂದು ಲೇವಡಿ ಮಾಡಿದ. ನಗೆಪಾಟಲಾದ ಯೋಜನೆ ಬಿದ್ದುಹೋಯಿತು.

ಮೂರನೆಯ ತಲೆಮಾರು: ಹೆಸರು ಕೂಡಿಸಿದ ಮಗಳು

ಜೇಮ್ಸ್ 1867ರಲ್ಲಿ ತೀರಿಕೊಂಡ. ಅದೇ ವರ್ಷ ಅವನ ಮಗಳು ಎಲಿಜಬೆತ್ ನೌಕಾಧಿಕಾರಿ ಆರ್ಥರ್ ಆನ್ಸ್‌ಲೋನನ್ನು ಮದುವೆಯಾದಳು. ಆರ್ಥರ್ 1833ರಲ್ಲಿ ಹುಟ್ಟಿದ್ದು ದಕ್ಷಿಣ ಭಾರತದ ತಿರುಚಿನಾಪಳ್ಳಿಯಲ್ಲಿ. ಅವನ ತಂದೆ ಮದ್ರಾಸ್ ಆಧಿಪತ್ಯದ ಸಿವಿಲ್ ಅಧಿಕಾರಿ. ತಂದೆಯ ಕಡೆಯಿಂದ ಸರ್ರೆಯ ಆನ್ಸ್‌ಲೋ ವಂಶದ ಕವಲು; ಆ ವಂಶದ ಹಿರಿಯ ಶಾಖೆಯ ಮನೆಯೇ ಕ್ಲ್ಯಾಂಡನ್ ಪಾರ್ಕ್. ತಾಯಿ ರೋಸಾ ನ್ಯೂ ಸೌತ್ ವೇಲ್ಸ್‌ನ ವಸಾಹತು ಕಾರ್ಯದರ್ಶಿ ಅಲೆಕ್ಸಾಂಡರ್ ಮ್ಯಾಕ್ಲೇಯ ಮಗಳು. ಸಿಡ್ನಿ ಬಂದರಿನ ದಡದಲ್ಲಿರುವ, ಇದೇ ವರ್ಜ್ ಕಟ್ಟಿದ ಎಲಿಜಬೆತ್ ಬೇ ಹೌಸ್ ಮ್ಯಾಕ್ಲೇಯದು; ಆರ್ಥರ್ ಬಾಲ್ಯದ ಕೆಲವು ವರ್ಷ ಕಳೆದದ್ದು ಆ ಅಜ್ಜನ ಬಳಿ. ಹೀಗೆ ಈ ಮದುವೆಯಲ್ಲಿ ಮೂರು ದೊಡ್ಡಮನೆಗಳ ನಂಟು ಕೂಡಿತು.

1882 ಎಲಿಜಬೆತ್‌ಳ ಪಾಲಿಗೆ ಸಾವಿನ ವರ್ಷ. ಜನವರಿಯಲ್ಲಿ ಗಂಡ, ಅಕ್ಟೋಬರ್‌ನಲ್ಲಿ ಚಿಕ್ಕಪ್ಪ ವಿಲಿಯಂ ತೀರಿಕೊಂಡರು. ಮಕ್ಕಳಿನ್ನೂ ಚಿಕ್ಕವರು, ಇಡೀ ಕ್ಯಾಮ್ಡನ್ ಅವಳೊಬ್ಬಳ ಕೈಗೆ ಬಂತು. ತುಳುನಾಡಿನ ಗುತ್ತಿನ ಮನೆಗಳಲ್ಲಿ ಅಳಿಯಸಂತಾನದ ಕಟ್ಟಿನಂತೆ ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವುದು ರೂಢಿಯಾಗಿತ್ತು. ಕ್ಯಾಮ್ಡನ್‌ನಲ್ಲಿ ಅದು ರೂಢಿಯಲ್ಲ, ಬೇರೆ ವಾರಸುದಾರರಿಲ್ಲದ್ದರಿಂದ ಆದದ್ದು. ಆಸ್ತಿಯೊಡನೆ ಹೆಸರೂ ಉಳಿಯಲೆಂದು ಅವಳು 1892ರಲ್ಲಿ ಕುಟುಂಬದ ಹೆಸರನ್ನು ಮಕಾರ್ಥರ್-ಆನ್ಸ್‌ಲೋ ಎಂದು ಬದಲಾಯಿಸಿದಳು. ಪ್ಯಾರಮ್ಯಾಟಾದ ಎಲಿಜಬೆತ್ ಫಾರ್ಮ್ ಅಷ್ಟರಲ್ಲಿ, 1881ರಲ್ಲಿ, ಮಾರಾಟವಾಗಿತ್ತು. ಅದು ಈಗ ವಸ್ತುಸಂಗ್ರಹಾಲಯ.

ಕುರಿಯ ಕಾಲ ಮುಗಿದಿತ್ತು, ದ್ರಾಕ್ಷಿಯೂ ಕೈಕೊಡುತ್ತಿತ್ತು. ಎಲಿಜಬೆತ್ ಯುರೋಪಿಗೆ ಹೋಗಿ ಹೈನುಗಾರಿಕೆ ಕಲಿತು ಬಂದು ಎಸ್ಟೇಟನ್ನು ಹಾಲು ಬೆಣ್ಣೆಯ ಕಡೆಗೆ ತಿರುಗಿಸಿದಳು. 1899ರಲ್ಲಿ ಕ್ಯಾಮ್ಡನ್ ಪಾರ್ಕ್ ಎಸ್ಟೇಟನ್ನು ಕಂಪನಿಯಾಗಿ ಮಾಡಿ ಮಕ್ಕಳನ್ನು ಷೇರುದಾರರನ್ನಾಗಿಸಿದಳು. ಮಕ್ಕಳಿಗೆ ಹಂಚಿಕೆಯಾದದ್ದು ಷೇರು, ನೆಲ ಒಡೆಯಲಿಲ್ಲ. ತಂದೆ, ಚಿಕ್ಕಪ್ಪ ನಡೆಸಿಕೊಂಡು ಬಂದಿದ್ದ ಒಗ್ಗಟ್ಟನ್ನು ಅವಳು ಕಾನೂನಿನ ಚೌಕಟ್ಟಿಗೆ ತಂದಳು. 1911ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು.

ವಂಶದ ಕಾಗದಪತ್ರಗಳನ್ನು ಜೋಡಿಸುವ ಕೆಲಸವನ್ನೂ ಶುರುಮಾಡಿದವಳು ಅವಳೇ. ಮಗಳು ಸಿಬೆಲಾ ಅದನ್ನು ಮುಗಿಸಿ 1914ರಲ್ಲಿ ಕ್ಯಾಮ್ಡನ್‌ನ ಮಕಾರ್ಥರ್‌ಗಳ ಹಳೆಯ ದಾಖಲೆಗಳ ಸಂಪುಟವನ್ನು ಪ್ರಕಟಿಸಿದಳು. ಮೂಲಪತ್ರಗಳು ಸಿಡ್ನಿಯ ಮಿಚೆಲ್ ಗ್ರಂಥಾಲಯದಲ್ಲಿವೆ. ಮನೆತನದ ಇತಿಹಾಸವನ್ನು ಮನೆಯವರೇ ಮೊದಲು ಬರೆದದ್ದರಿಂದ ಜಾನ್‌ನನ್ನು ಉಣ್ಣೆ ಉದ್ಯಮದ ಒಬ್ಬನೇ ಪಿತಾಮಹನೆಂದು ನೋಡುವ ಚಿತ್ರ ಬಹುಕಾಲ ನಿಂತಿತು. ಎಲಿಜಬೆತ್ ವೀಲ್‌ಳ ಪಾತ್ರ, ಮೆರಿನೊ ಸಾಕಿದ ಬೇರೆಯವರ ಪಾಲು, ಧರಾವಲ್ ಜನರ ನಷ್ಟ ಇವೆಲ್ಲ ಲೆಕ್ಕಕ್ಕೆ ಬಂದದ್ದು ನಂತರದ ಇತಿಹಾಸಕಾರರಿಂದ.

ಮೆಲ್ಬರ್ನ್‌ನ ಮನೆಗಳು

ಮೆಲ್ಬರ್ನ್‌ನ ದೊಡ್ಡಮನೆಗಳ ವಂಶಾವಳಿ ಇಷ್ಟು ಉದ್ದ ಸಾಗಲಿಲ್ಲ. ಸೌತ್ ಯಾರಾದ ಕೋಮೋ ಹೌಸ್ 1847ರಲ್ಲಿ ಕಟ್ಟಿದ್ದು. ಚಾರ್ಲ್ಸ್ ಹೆನ್ರಿ ಆರ್ಮಿಟೇಜ್ ಅದನ್ನು 1864ರಲ್ಲಿ ಕೊಂಡ. ಅವನ ತಂದೆ ಜಾರ್ಜ್ ಡರ್ಬಿಷರ್‌ನಿಂದ ಬಂದು ಟ್ಯಾಸ್ಮೇನಿಯದಲ್ಲೂ ಆಮೇಲೆ ವಿಕ್ಟೋರಿಯದಲ್ಲೂ ಕುರಿ ಕಟ್ಟಿ ಹಣ ಮಾಡಿದವನು. ಚಾರ್ಲ್ಸ್ ಮತ್ತು ಕ್ಯಾರೊಲೀನ್‌ಗೆ ಹತ್ತು ಮಕ್ಕಳು. ಚಾರ್ಲ್ಸ್ 1876ರಲ್ಲೇ ಸತ್ತ. ಕ್ಯಾರೊಲೀನ್ 1909ರವರೆಗೆ ಮನೆ ನಡೆಸಿದಳು. ಆಮೇಲೆ ಅದು ಮದುವೆಯಾಗದ ಹೆಣ್ಣುಮಕ್ಕಳ ಮನೆಯಾಯಿತು. ಮುಂದಿನ ತಲೆಮಾರಿಗೆ ದಾಟಿಸುವ ದಾರಿ ಕಾಣದೆ 1959ರಲ್ಲಿ ಕುಟುಂಬ ಮನೆಯನ್ನು ಪೀಠೋಪಕರಣಗಳ ಸಮೇತ ವಿಕ್ಟೋರಿಯದ ನ್ಯಾಷನಲ್ ಟ್ರಸ್ಟಿಗೆ ಮಾರಿತು.

ನಗರದ ಪಶ್ಚಿಮಕ್ಕಿರುವ ವೆರಿಬಿ ಪಾರ್ಕ್ ಸ್ಕಾಟ್ಲೆಂಡಿನ ಈಸ್ಟ್ ಲೋಥಿಯನ್‌ನಿಂದ ಬಂದ ಥಾಮಸ್ ಮತ್ತು ಆ್ಯಂಡ್ರೂ ಚರ್ನ್‌ಸೈಡ್ ಸೋದರರದು. 1874ರಿಂದ 1877ರವರೆಗೆ ಕಟ್ಟಿದ, ಸುಮಾರು 60 ಕೋಣೆಗಳ ಇಟಾಲಿಯನ್ ಶೈಲಿಯ ಅರಮನೆ ಅದು. ಕ್ಯಾಮ್ಡನ್‌ನ ಸೋದರರಂತೆ ಇಲ್ಲೂ ಒಬ್ಬ ಅವಿವಾಹಿತ, ಇನ್ನೊಬ್ಬ ಸಂಸಾರಿ. ಆದರೆ ಥಾಮಸ್ 1887ರಲ್ಲಿ ಆತ್ಮಹತ್ಯೆ ಮಾಡಿಕೊಂಡ, ಆ್ಯಂಡ್ರೂ 1890ರಲ್ಲಿ ತೀರಿಕೊಂಡ. ಆಸ್ತಿ ಆ್ಯಂಡ್ರೂನ ಗಂಡುಮಕ್ಕಳಲ್ಲಿ ಪಾಲಾಯಿತು. 1920ರ ದಶಕದಲ್ಲಿ ಮನೆ ಕೈಬಿಟ್ಟು, 1923ರಿಂದ ಕ್ಯಾಥೊಲಿಕ್ ಗುರುಮಠವಾಗಿ, 1973ರಲ್ಲಿ ಸರ್ಕಾರಕ್ಕೆ ಸೇರಿತು. ಎಲ್‌ಸ್ಟರ್ನ್‌ವಿಕ್‌ನ ರಿಪ್ಪನ್ ಲೀ ಇನ್ನೂ ಬೇಗ ಕೈ ಬದಲಿಸಿತು: ತನ್ನ ತಾಯಿಯ ತವರಿನ ಹೆಸರಿಟ್ಟು ಅದನ್ನು ಕಟ್ಟಿಸಿದ ವ್ಯಾಪಾರಿ ಫ್ರೆಡರಿಕ್ ಸಾರ್ಗುಡ್ ಸತ್ತ ಮರುವರ್ಷವೇ ಮಾರಾಟವಾಯಿತು. 1910ರಲ್ಲಿ ಕೊಂಡ ಬೆನ್ ನೇಥನ್‌ನ ಮಗಳು ಲೂಯಿಸಾ ಜೋನ್ಸ್ ಅದನ್ನು ನ್ಯಾಷನಲ್ ಟ್ರಸ್ಟಿಗೆ ಬರೆದಿಟ್ಟು 1972ರಲ್ಲಿ ತೀರಿಕೊಂಡಳು.

ಕ್ಯಾಮ್ಡನ್‌ನ ಮುಂದಿನ ತಲೆಮಾರುಗಳು

ಕ್ಯಾಮ್ಡನ್‌ನಲ್ಲಿ ನಾಲ್ಕನೆಯ ತಲೆಮಾರಿನ ಹಿರಿಯ ಜೇಮ್ಸ್ ವಿಲಿಯಂ ಸೈನಿಕನೂ ರಾಜಕಾರಣಿಯೂ ಆಗಿದ್ದು 1946ರವರೆಗೆ ಬದುಕಿದ. ತಮ್ಮ ಜಾರ್ಜ್ ಮ್ಯಾಕ್ಲೇ ಮೊದಲ ಮಹಾಯುದ್ಧದ ಗಲಿಪೊಲಿ ಕಾಳಗದಲ್ಲಿ ಕುದುರೆ ಪಡೆಯ ಪರ ಹೋರಾಡಿದವನು. ಅಜ್ಜಿ ರೋಸಾಳ ತವರಿನ ಹೆಸರು ಅವನ ಹೆಸರಿನಲ್ಲಿ ಉಳಿದಿದೆ. ಜೇಮ್ಸ್ ವಿಲಿಯಂನಿಂದ ಮನೆ ಮಗಳಿಗೆ ಬಂತು, ಅವಳ ಗಂಡನ ಹೆಸರು ಸೇರಿ ಮಕಾರ್ಥರ್-ಸ್ಟ್ಯಾನ್‌ಹ್ಯಾಮ್ ಆಯಿತು.

ಕಂಪನಿ ಹೈನುಗಾರಿಕೆಯನ್ನು ಮುಂದುವರಿಸಿತು. 1952ರಲ್ಲಿ ಮೆನಾಂಗಲ್‌ನಲ್ಲಿ ರೊಟೊಲ್ಯಾಕ್ಟರ್ ಎಂಬ ಯಂತ್ರ ಶುರುವಾಯಿತು. ಮೆಲ್ಲಗೆ ತಿರುಗುವ ದುಂಡನೆಯ ವೇದಿಕೆಯ ಮೇಲೆ ಏಕಕಾಲಕ್ಕೆ 50 ಹಸುಗಳು ನಿಲ್ಲುತ್ತಿದ್ದವು. ಒಂದು ಸುತ್ತು ಮುಗಿಯುವುದರೊಳಗೆ ಹಸುವಿನ ಹಾಲು ಕರೆದಾಗುತ್ತಿತ್ತು, ಅದು ಇಳಿದ ಜಾಗಕ್ಕೆ ಇನ್ನೊಂದು ಹತ್ತುತ್ತಿತ್ತು. ಸಿಡ್ನಿಯಿಂದ ಜನ ಬಸ್ಸು ಮಾಡಿಕೊಂಡು ನೋಡಲು ಬರುತ್ತಿದ್ದರು. ನಗರ ಬೆಳೆದು ಹತ್ತಿರ ಬಂದಂತೆ ಜಮೀನಿನ ಬೆಲೆ ಏರಿತು, ಹೈನಿನ ಲಾಭ ಇಳಿಯಿತು. 1970ರ ದಶಕದಲ್ಲಿ ಎಸ್ಟೇಟಿನ ಬಹುಭಾಗ ಕುಟುಂಬದ ಕೈಬಿಟ್ಟಿತು. ಸರ್ಕಾರಕ್ಕೆ ಸೇರಿದ ನೆಲದಲ್ಲಿ ಹಳೆಯ ಕೊಟ್ಟಿಗೆ ಕಟ್ಟಡಗಳ ಬೆಲ್‌ಜೆನಿ ಫಾರ್ಮ್ ಮತ್ತು ಎಲಿಜಬೆತ್ ಮಕಾರ್ಥರ್ ಕೃಷಿ ಸಂಸ್ಥೆ ಇವೆ. ಸಂಸ್ಥೆಗೆ ಇಟ್ಟಿರುವುದು ಜಾನ್‌ನ ಹೆಸರಲ್ಲ, ಅವನ ಹೆಂಡತಿಯದು. ಬಂಗಲೆ, ತೋಟ, ಗುಡ್ಡದ ಸ್ಮಶಾನ ವಂಶಸ್ಥರಲ್ಲೇ ಉಳಿದಿವೆ. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ವರ್ಷಕ್ಕೊಮ್ಮೆ, ಮನೆಯನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ.